ಗೋಡೆ ದಾಟಿ ಬಂದ ಅಳಿಯಂದಿರು

ನನ್ನ ಗಂಡ ಶನಿವಾರ ಸಂಜೆ ಗೋಡೆಯೊಳಗಿಂದ ನಡೆದು ಬಂದರೆಂದು ಅಮ್ಮನ ಸಿಟ್ಟು ಇನ್ನೂ ಇಳಿದಿಲ್ಲ. ಅಳಿಯಂದಿರಿಗೆ ಎದುರಿಗೇ ಬೈಯುವ ಹಾಗಿಲ್ಲ. ಹಾಗಾಗಿ ಬೈಗುಳವೆಲ್ಲ ನನಗೇ. "ಬಾಗಿಲು ಅಂತ ಒಂದು ಬಿಟ್ಟಿರೋದು ಯಾತಕ್ಕೆ? ಅಷ್ಟೂ ಗೊತ್ತಾಗಲ್ವಾ ಓದಿದೋರಿಗೆ?"

ಆ ಗೋಡೆಯೋ, ನಮ್ಮ ಹಾಲ್‌ನ ನೆಲಕ್ಕೆ ಅಪ್ಪ ಅಂಟಿಸಿದ್ದ ನೀಲಿ ಟೇಪು.

ಫ್ರಾಂಕ್‌ಫರ್ಟ್‌ನಲ್ಲಿ ಬಾಡಿಗೆ ಮನೆ ಬದಲಾಯಿಸಿದವರಿಗೆ ಹೆಚ್ಚು ಹೇಳಬೇಕಿಲ್ಲ. ಹಿಂದಿದ್ದವರು ಅಡುಗೆಮನೆಯನ್ನು ಬೇರುಸಹಿತ ಕಿತ್ತುಕೊಂಡು ಹೋಗಿದ್ದರು. ಉಳಿದಿದ್ದು ನೀರಿನ ಪೈಪು, ಒಂದು ಕಿಟಕಿ, ಗೋಡೆ ತುಂಬ ಸ್ಕ್ರೂ ತೂತು. "ಸಿಂಕ್ ಕೂಡ ಬಿಟ್ಟಿಲ್ಲವಲ್ಲೇ, ಕಳ್ಳರು ನುಗ್ಗಿದ್ದರಾ?" ಎಂದು ಮೈಸೂರಿನಿಂದ ಬಂದಿಳಿದ ಅಮ್ಮ ಗಾಬರಿಯಾದಳು. ಅಪ್ಪ ಮಾತ್ರ ಒಲೆಯ ಜಾಗದಲ್ಲಿ ಗೋಡೆಯಿಂದ ಇಣುಕುತ್ತಿದ್ದ ವೈರುಗಳ ಮುಂದೆ ಕೈಕಟ್ಟಿ ನಿಂತುಬಿಟ್ಟಿದ್ದರು. ಕೆಇಬಿಯಲ್ಲಿ ಜನ್ಮ ಸವೆಸಿದ ಮನುಷ್ಯ. "ತ್ರೀ ಫೇಸ್ ಕಣೇ! ಅಡುಗೆ ಒಲೆಗೆ 400 ವೋಲ್ಟ್! ನಮ್ಮಲ್ಲಿ ಇದನ್ನ ಹಿಟ್ಟಿನ ಗಿರಣಿಗೆ ಕೊಡ್ತೀವಿ." ಅಲ್ಲಿಂದಾಚೆ ಅಡುಗೆಮನೆಯ ಉಸ್ತುವಾರಿ ಅವರದಾಯಿತು. ಯಾರೂ ವಹಿಸಿಕೊಟ್ಟಿದ್ದಲ್ಲ.

ಅಡುಗೆಮನೆಯ ವಿಷಯದಲ್ಲಿ ಅಪ್ಪನಿಗಿದ್ದ ಅನುಭವವೆಂದರೆ ಬಾಗಿಲಲ್ಲಿ ನಿಂತು ಖಾಲಿ ಲೋಟ ಮುಂದೆ ಚಾಚಿದ್ದು. ಅಂಥವರನ್ನು ನಾವು ಹೊತ್ತು ಹೋಗಲೆಂದು ರೋಮರ್‌ಷ್ಟಾಟ್ ಬಡಾವಣೆಯ ಎರ್ನ್ಸ್ಟ್ ಮಾಯ್ ಮನೆಯೆಂಬ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆವು. ಅಲ್ಲಿದೆ, ಜಗತ್ತಿಗೇ ಪಾಠ ಹೇಳಿದ ಫ್ರಾಂಕ್‌ಫರ್ಟ್ ಅಡುಗೆಮನೆ. ವಿಯೆನ್ನಾದ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ 1926ರಲ್ಲಿ ಈ ಊರಿನ ಹೊಸ ಬಡಾವಣೆಗಳಿಗೆಂದು ರೂಪಿಸಿದ್ದು. ಅಗಲ 1.9 ಮೀಟರ್, ಉದ್ದ 3.4. ರೈಲಿನ ಊಟದ ಬೋಗಿಯ ಅಡುಗೆಕೋಣೆ ನೋಡಿ, ಗೃಹಿಣಿಯ ಓಡಾಟವನ್ನು ಸ್ಟಾಪ್‌ವಾಚ್ ಲೆಕ್ಕದಲ್ಲಿ ಅಳೆದು ಮಾಡಿದ ಯೋಜನೆ. ಹಿಟ್ಟಿಗೆ ಹುಳ ಹತ್ತದಿರಲೆಂದು ಓಕ್ ಮರದ ಡ್ರಾಯರ್, ನೊಣ ಕೂರದಿರಲೆಂದು ನೀಲಿ ಬಣ್ಣ, ಕೂತು ಕೆಲಸ ಮಾಡಲು ತಿರುಗುವ ಸ್ಟೂಲು. ಇಂಥವನ್ನು ಸುಮಾರು 10,000 ಮನೆಗಳಿಗೆ ಕೂರಿಸಿದರಂತೆ.

"ನೋಡು, ಒಂದು ಹೆಜ್ಜೆ ದಂಡ ಇಲ್ಲ," ಎಂದರು ಅಪ್ಪ, ಗದ್ಗದಿತರಾಗಿ.

ಅಮ್ಮ ಒಳಗೆ ಇಣುಕಿ ನೋಡಿದಳು. "ಅದೇನೋ ಸರಿ. ಮಾತಾಡೋಕೆ ಬಂದೋರು ಎಲ್ಲಿ ಕೂರ್ತಾರೆ?"

ಆ ಮಹಾತಾಯಿ ಇದನ್ನು ರೂಪಿಸುವ ತನಕ ತಾನು ಅಡುಗೆಯನ್ನೇ ಮಾಡಿರಲಿಲ್ಲವೆಂದು ಮುಂದೆ ತಾನೇ ಹೇಳಿಕೊಂಡಿದ್ದರೆಂಬ ಸಂಗತಿ ನನಗೆ ಗೊತ್ತಿತ್ತು. ಬಾಯಿ ಸುಮ್ಮನಿರಲಿಲ್ಲ, ಹೇಳಿಬಿಟ್ಟೆ.

"ಅದಕ್ಕೇ!" ಎಂದಳು ಅಮ್ಮ. ರೈಲು ಹತ್ತುವಾಗ ಅಪ್ಪನ ಮುಖ ನೋಡಿ ಇನ್ನೊಂದು ಸಲ: "ಅದಕ್ಕೇ!"

ಆದರೆ ಅಪ್ಪನ ತಲೆಗೆ ಸ್ಟಾಪ್‌ವಾಚ್ ಹೊಕ್ಕಾಗಿತ್ತು. ನಮ್ಮ ಅಡುಗೆಮನೆಯೂ ಹೆಚ್ಚೂಕಡಿಮೆ ಅದೇ ಅಳತೆಯದು. ಆದರೆ ಅದರ ತುಂಬ ಬಿಚ್ಚದ ರಟ್ಟಿನ ಪೆಟ್ಟಿಗೆಗಳು. ಹಾಗಾಗಿ ಹಾಲ್‌ನಲ್ಲೇ ಟೇಪು ಅಂಟಿಸಿ ಗೋಡೆ, ಕಟ್ಟೆ, ಸಿಂಕು, ಒಲೆ, ಫ್ರಿಜ್ ಎಲ್ಲ ಬರೆದರು. ಬಾಗಿಲಿಗೆಂದು ಒಂದು ಕಡೆ ಟೇಪು ಬಿಟ್ಟರು. ಅಮ್ಮ ಒಳಗೆ ನಿಂತು ಇಲ್ಲದ ಪಾತ್ರೆಯಲ್ಲಿ ಇಲ್ಲದ ಬೇಳೆಯ ಹುಳಿ ಮಾಡಬೇಕು, ಇವರು ಸೋಫಾದಲ್ಲಿ ಕೂತು ಹೆಜ್ಜೆ ಎಣಿಸಬೇಕು.

ಒಲ್ಲೆ ಎನ್ನುತ್ತಾಳೆ ಅಂದುಕೊಂಡಿದ್ದೆ. ಅಮ್ಮ ಸೆರಗು ಸಿಕ್ಕಿಸಿದಳು! ಬೇಳೆ ತೊಳೆದಳು, ಮೂರು ನೀರು ಚೆಲ್ಲಿದಳು, ಕುಕ್ಕರ್ ಏರಿಸಿದಳು, ಆಮೇಲೆ ಸುಮ್ಮನೆ ನಿಂತಳು.

"ಯಾಕೆ ನಿಂತೆ? ಟೈಮ್ ಓಡ್ತಾ ಇದೆ!"

"ಕೂಗಬೇಡವೇನ್ರೀ?"

ಕೊನೆಗೆ ನನ್ನ ಮಗಳು ಪುಟ್ಟಿಯನ್ನು ಕುಕ್ಕರ್ ಮಾಡಿ ಒಲೆಯ ಪಕ್ಕ ಕೂರಿಸಿದ್ದಾಯಿತು. ಅವಳು ಉತ್ಸಾಹದಲ್ಲಿ ಒಂದರ ಹಿಂದೆ ಒಂದು ಸೀಟಿ ಹೊಡೆದಳು. "ಇಷ್ಟು ಬೇಗ ಕೂಗಿದರೆ ಬೇಳೆ ಬೆಂದಿರಲ್ಲ. ಗ್ಯಾಸ್ಕೆಟ್ ನೋಡಬೇಕು," ಎಂದು ಅಮ್ಮ ಮೊಮ್ಮಗಳ ತಲೆ ತಿರುಗಿಸಿ ನೋಡಿದಳು.

ಇಷ್ಟು ಗಂಭೀರವಾಗಿ ಅಡುಗೆ ನಡೆದಿರುವಾಗ ನನ್ನ ಗಂಡ ಕಿವಿಗೆ ಫೋನು ಸಿಕ್ಕಿಸಿಕೊಂಡು, ಉತ್ತರದ ಗೋಡೆ ಸೀಳಿಕೊಂಡು ಬಂದು ನೇರ ಒಲೆಯ ಮೇಲೆ ನಿಂತರು.

"ಅಯ್ಯಯ್ಯೋ, ಒಲೆ ತುಳಿದುಬಿಟ್ಟರು!"

ಅವರು ಬೆಚ್ಚಿ ನೆಗೆದರು. ನೆಗೆದದ್ದು ಸಿಂಕಿನೊಳಕ್ಕೆ. ಅಗ್ನಿಯಾಯಿತು, ಗಂಗೆಯೂ ಆಯಿತು. ಆಫೀಸಿನ ಕರೆ ಅರ್ಧಕ್ಕೇ ನಿಂತಿತು. ಅಮ್ಮನ ಮುಖ ನೋಡಿ ಆ ಸಾಫ್ಟ್‌ವೇರ್ ಮನುಷ್ಯ ಬಗ್ಗಿ ಟೇಪು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ನಕ್ಕಿದ್ದೇ ತಪ್ಪಾಯಿತು. ಆ ಸಿಟ್ಟೇ ಇನ್ನೂ ನಡೆಯುತ್ತಿರುವುದು.

ಅದೇ ಹೊತ್ತಿಗೆ ಕೆಳಗಿನ ಮನೆಯ ಅಜ್ಜಿ, ನಮ್ಮ ಪಾರ್ಸೆಲ್ ತಾವು ಇಸಿದುಕೊಂಡದ್ದನ್ನು ಕೊಡಲು ಬಂದರು. ನೆಲ ನೋಡಿದರು. ಏನೂ ಕೇಳದೆ ಸುತ್ತು ಹಾಕಿ, ಟೇಪು ಬಿಟ್ಟಿದ್ದ ಜಾಗದಲ್ಲಿ ನಿಂತು, ಒಳಗೆ ಬರಲೇ ಎಂದು ಕೇಳಿದರು. "ನೋಡು, ಸಂಸ್ಕಾರ ಅಂದರೆ ಇದು," ಎಂದಳು ಅಮ್ಮ. ಅಜ್ಜಿ ಬಂದವರೇ ಸುತ್ತ ಕಣ್ಣಾಡಿಸಿ, ಫ್ರಿಜ್ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂದು ಅಪ್ಪನನ್ನು ವಿಚಾರಿಸಿದರು.

ಅಪ್ಪ ಫ್ರಿಜ್ ಬರೆದಿದ್ದರು, ಬಾಗಿಲು ಬರೆದಿರಲಿಲ್ಲ. ಬರೆದು ನೋಡಿದರೆ ಅದು ಕಟ್ಟೆಗೆ ಬಡಿದು ದಾರಿಯನ್ನೇ ಮುಚ್ಚಿತು. ಆಚೆ ಮೂಲೆಯಲ್ಲಿ ಅಮ್ಮ. "ಬಾರೇ ಈಚೆಗೆ," ಎಂದರೆ, "ಬಾಗಿಲು ಹಾಕದೆ ಹೇಗೆ ಬರಲಿ?" ಎಂದು ಅಲ್ಲಿಯೇ ನಿಂತಳು. ಅಪ್ಪ ಮೊಣಕಾಲೂರಿ ಟೇಪು ಕೀಳುವವರೆಗೂ ಕದಲಲಿಲ್ಲ.

ಕಟ್ಟೆ 91 ಸೆಂಟಿಮೀಟರ್ ಎತ್ತರ, ಅಮ್ಮ ಐದಡಿ. ನಿಂತುಕೊಳ್ಳೋಕೆ ಮಣೆ ಹಾಕಿದರಾಯಿತು ಎಂದರು ಅಪ್ಪ. ಇದರ ಮೇಲೆ ನಡೆದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ರಾತ್ರಿ ಅಪ್ಪನ ಡೈರಿ ಟೀಪಾಯ್ ಮೇಲೆ ಬಿದ್ದಿತ್ತು. 'ದಂಡ ಹೆಜ್ಜೆಗಳು' ಎಂದು ಅಡಿಗೆರೆ ಎಳೆದ ಪಟ್ಟಿ. ಪುಟ್ಟಿಗೆ ಹಸಿವಾಯಿತಾ ಕೇಳಲು ಹೊರಗೆ ಬಂದದ್ದು. ಅಳಿಯಂದಿರಿಗೆ ನೀರು ಕೊಡಲು ಬಂದದ್ದು. ನನ್ನ ಬಿ.ಪಿ. ಮಾತ್ರೆ ಕೊಡಲು ಬಂದದ್ದು. ಆ ಕೊನೆಯದನ್ನು ಹೊಡೆದುಹಾಕಿ, ಕೆಳಗೆ ಹೊಸ ನಕ್ಷೆ ಹಾಕಿದ್ದರು. ಪಾತ್ರೆ ತೊಳೆಯುವ ಮೆಷಿನ್ನಿನ ಜಾಗದಲ್ಲಿ ಒಂದು ಸ್ಟೂಲು.

"ಇದು ಯಾರಿಗಪ್ಪಾ?"

"ನನಗೆ. ಕಾಯಿಗೀಯಿ ತುರಿದುಕೊಡ್ತೀನಿ. ಅವಳು ಅಷ್ಟೆಲ್ಲ ಓಡಾಡೋದು ತಪ್ಪುತ್ತೆ."

ಮದುವೆಯಾದಾಗಿನಿಂದ ಕಾಯಿ ಒಡೆಯಲೂ ಪಕ್ಕದ ಮನೆಯ ಹುಡುಗನನ್ನು ಕೂಗಿದ ಪುಣ್ಯಾತ್ಮರು! ಅಮ್ಮನಿಗೆ ಹೇಳಿದೆ. ಅವಳು ಕರಗಲಿಲ್ಲ. "ತುರೀತಾರೆ, ಅರ್ಧ ಬಾಯಿಗೆ ಹಾಕ್ಕೋತಾರೆ. ಆ ಜಾಗಕ್ಕೆ ಗ್ರೈಂಡರ್ ಬರಲಿ." ಅರ್ಧ ಗಂಟೆ ಬಿಟ್ಟು ಬಂದು ಕೇಳಿದಳು, ಆ ಸ್ಟೂಲಿಗೆ ಬೆನ್ನು ಒರಗಿಸೋಕೆ ಬರತ್ತಾ, ಅವರಿಗೆ ಸೊಂಟ ನೋವು.

ನಿನ್ನೆ ಕಿಚನ್ ಅಂಗಡಿಯ ಹುಡುಗ ಕೊನೆಯ ನಕ್ಷೆ ಹಿಡಿದು ಫೋನ್ ಮಾಡಿದ್ದ. ಎಲ್ಲ ಸರಿಯಾಗಿದೆ, ಆದರೆ ಸಿಂಕಿನ ಪಕ್ಕ 60 ಸೆಂಟಿಮೀಟರ್ ಖಾಲಿ ಬಿಟ್ಟಿದ್ದೀರಲ್ಲ, ಅಲ್ಲಿ ಯಾವ ಯಂತ್ರ ಬರುತ್ತದೆ, ಅದಕ್ಕೆ ಬೇರೆ ಕರೆಂಟ್ ಲೈನ್ ಬೇಕೇ ಎಂದು ಕೇಳಿದ.

ಬೇಡ, ಹೊತ್ತು ಹೊತ್ತಿಗೆ ಕಾಫಿ ಕೊಟ್ಟರೆ ಸಾಕು ಎಂದೆ.