ಕೀರ್ತಿಗೆ ಕ್ಯೂ, ದಾಖಲಾತಿ ಖಾಲಿ

2019ರ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ಜಿಲ್ಲೆ ಶೇ 89.33 ತೆಗೆದು ರಾಜ್ಯಕ್ಕೇ ಮೊದಲು ಬಂತು. ಬಂದದ್ದೇ ತಡ, ಕೀರ್ತಿ ಯಾರದ್ದೆಂದು ಪಂಚಾಯ್ತಿ ಶುರುವಾಯಿತು. ಫೆಬ್ರುವರಿಯಲ್ಲೇ ವರ್ಗವಾಗಿದ್ದ ಜಿಲ್ಲಾಧಿಕಾರಿ ರೋಹಿಣಿ ಸಿಂಧೂರಿಯವರದ್ದು ಎಂದು ಒಂದು ಗುಂಪು. ಅಲ್ಲ, ಜಿಲ್ಲಾ ಪಂಚಾಯ್ತಿ ಸದಸ್ಯೆಯಾಗಿದ್ದ ತಮ್ಮ ಪತ್ನಿ ಭವಾನಿಯವರದ್ದು ಎಂದು ಸಚಿವ ರೇವಣ್ಣ. ನಿದ್ದೆಗೆಟ್ಟು ಓದಿದ ಹುಡುಗರು ಅರ್ಜಿ ಹಾಕಿರಲಿಲ್ಲವಾಗಿ ಅವರ ಹೆಸರು ಪರಿಗಣನೆಗೇ ಬರಲಿಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು. ಧಾರಾಳವಾಗಿ ಕೃಪಾಂಕ ಸುರಿದ ಮೇಲೂ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು. ಆ ಇಳಿತಕ್ಕೆ ಇನ್ನೂ ವಾರಸುದಾರರು ಸಿಕ್ಕಿಲ್ಲ.

ಹತ್ತನೇ ಕ್ಲಾಸಿನ ಮಾತು ಬಿಡಿ, ಒಂದನೇ ಕ್ಲಾಸಿಗೆ ಬನ್ನಿ. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆ ಕಡೆಯೋ ನುಗ್ಗೇಹಳ್ಳಿ ಕಡೆಯೋ ಬೆಳಿಗ್ಗೆ ಎಂಟಕ್ಕೆ ಅರಳೀಕಟ್ಟೆ ಹತ್ತಿರ ನಿಂತರೆ ಹಳದಿ ವ್ಯಾನು ಕಾಣುತ್ತದೆ. ಟೈ ಕಟ್ಟಿದ ಮಕ್ಕಳು ಸರ್ಕಾರಿ ಶಾಲೆಯ ಮುಂದೆಯೇ ಹಾದು ಪೇಟೆ ಸೇರುತ್ತವೆ. ಊರಿಗೆ ಶಾಲೆಯ ಮೇಲೆ ಅಭಿಮಾನ ಇಲ್ಲವೆಂದಲ್ಲ. ಶತಮಾನೋತ್ಸವ ಮಾಡುತ್ತಾರೆ, ಕಮಾನು ಕಟ್ಟಿಸುತ್ತಾರೆ, ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆ. ಹಳೇ ವಿದ್ಯಾರ್ಥಿಗಳು ಬೆಂಗಳೂರಿಂದ ಬಂದು ಗೋಡೆಗೆ ಬಣ್ಣ ಹೊಡೆಸಿ, ಟಿವಿ ಕೊಟ್ಟು, ಭಾಷಣದ ನಡುವೆ ಕಣ್ಣೊರೆಸಿಕೊಂಡು ಹೋಗುತ್ತಾರೆ. ತಮ್ಮ ಮಗು ಒಂದನ್ನು ಬಿಟ್ಟು ಏನು ಕೇಳಿದರೂ ಕೊಟ್ಟಾರು.

ಸರ್ಕಾರವೂ ಕೈ ಕಟ್ಟಿ ಕೂತಿಲ್ಲ. ಹಾಲು, ಮೊಟ್ಟೆ, ಶೂ, ಸಾಕ್ಸು ಕೊಟ್ಟಿತು. ಹೊಳೆನರಸೀಪುರ ಸೀಮೆಯ ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ ಸಾವಿರ ಶಾಲೆಗೆ ಇಂಗ್ಲಿಷ್ ಮೀಡಿಯಮ್ಮನ್ನೂ ಕೊಟ್ಟರು. ಕೈ ಬಿಗಿ ಹಿಡಿದದ್ದು ತರಗತಿಗೊಬ್ಬ ಮೇಷ್ಟ್ರನ್ನು ಕೊಡುವಾಗ ಮಾತ್ರ. ಇದ್ದವರನ್ನೂ 2025ರ ದಸರೆಯಲ್ಲಿ ಜಾತಿ ಸಮೀಕ್ಷೆಗೆ ಕಳಿಸಿ, ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಮೇಷ್ಟ್ರಿಗೆ ಈಗ ಮಗ್ಗಿಗಿಂತ ಊರಿನ ಉಪಜಾತಿಗಳೇ ಚೆನ್ನಾಗಿ ಬಾಯಿಪಾಠ.

ಮಕ್ಕಳು ಕಡಿಮೆಯೆಂದು ಮೇಷ್ಟ್ರನ್ನು ಕಡಿಮೆ ಮಾಡುತ್ತಾರೆ. ಮೇಷ್ಟ್ರಿಲ್ಲವೆಂದು ಮಕ್ಕಳು ಕಡಿಮೆಯಾಗುತ್ತಾರೆ. ಇಲಾಖೆಗೆ ಹೊಳೆದ ಉತ್ತರ: ಶಾಲೆಗಳ ವಿಲೀನ. ಈ ಸಲ ಅದಕ್ಕೆ 'ಕೆಪಿಎಸ್ (ಕರ್ನಾಟಕ ಪಬ್ಲಿಕ್ ಸ್ಕೂಲ್) ಮ್ಯಾಗ್ನೆಟ್' ಎಂದು ನಾಮಕರಣವಾಗಿದೆ. ಅಯಸ್ಕಾಂತ ಕಬ್ಬಿಣವನ್ನು ಎಳೆದೀತು, ಆರು ವರ್ಷದ ಕೂಸನ್ನು ಪಕ್ಕದೂರಿಗೆ ಎಳೆಯಲು ಬಸ್ಸೇ ಬೇಕು.

ಮುಚ್ಚುವ ಮುಂಚೆ ಪೋಷಕರಿಗೆ ಅಧಿಕಾರದ ಆಸೆ ತೋರಿಸಿ ನೋಡಬಹುದಿತ್ತು. ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ 18 ಜನ ಪೋಷಕರಿರಬೇಕು. ಶಾಲೆಯಲ್ಲಿ ಇರುವುದೇ ಹತ್ತೋ ಹನ್ನೆರಡೋ ಮಕ್ಕಳು. ಅಂದರೆ ಮಗುವನ್ನು ಸೇರಿಸಿದ ದಿನವೇ ಅಪ್ಪನಿಗೋ ಅಮ್ಮನಿಗೋ ಸ್ಥಾನ ಖಾತ್ರಿ. ಹಾಸನ ಜಿಲ್ಲೆಯಲ್ಲಿ ಟಿಕೆಟ್ಟಿಲ್ಲದೆ, ಮನೆತನದ ಹಂಗಿಲ್ಲದೆ ಸಿಗುವ ಅಧಿಕಾರ ಇದೊಂದೇ. ಆದರೂ ಯಾರೂ ಬರುತ್ತಿಲ್ಲ.