ಕ್ಯಾಸೆಟ್ ಬೇಕಾ? ತಾಳಿ, ಹಾಡ್ತೀನಿ

1980ರ ದಶಕದ ಶುರುವಿನಲ್ಲಿ ಅಮೆರಿಕದ ಗಾಯಕ ಡೇನಿಯಲ್ ಜಾನ್ಸ್‌ಟನ್‌ಗೆ ಸ್ಟುಡಿಯೋ ಎಲ್ಲಿಂದ ಬರಬೇಕು? ಇದ್ದದ್ದು ಸಾದಾ ಟೇಪ್ ರೆಕಾರ್ಡರ್. ಬಟನ್ ಒತ್ತಿದ, ಹಾಡಿದ, ಆಲ್ಬಂ ರೆಡಿ! ಕವರಿನ ಚಿತ್ರವೂ ಸ್ವಹಸ್ತದ್ದೇ. ಪೇಚಾಟ ಶುರುವಾದದ್ದು ಯಾರಾದರೂ ‘ನನಗೂ ಒಂದು ಕೊಡಪ್ಪಾ’ ಅಂದಾಗ. ಕಾಪಿ ತೆಗೆಯುವ ಯಂತ್ರವಿಲ್ಲ. ಪುಣ್ಯಾತ್ಮ ಮತ್ತೆ ಕೂತು ಇಡೀ ಆಲ್ಬಮ್ಮನ್ನೇ ಹೊಸದಾಗಿ ಹಾಡಿಕೊಡುತ್ತಿದ್ದ! (ನಮ್ಮಲ್ಲಿ ಒಂದು ಹಾಡು ಹೇಳಿ ಅಂದರೆ ಸಾಕು, ಎಲ್ಲರಿಗೂ ಗಂಟಲು ಕೆಡುತ್ತದೆ.) ಆಮೇಲೆ ಆಸ್ಟಿನ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಕೆಲಸ, ಕಂಡಕಂಡವರ ಕೈಗೆಲ್ಲ ಕ್ಯಾಸೆಟ್. 1985ರಲ್ಲಿ ಎಂಟಿವಿ ಕ್ಯಾಮೆರಾ ಊರಿಗೆ ಬಂದಾಗ, ಕ್ಯಾಸೆಟ್ ಹಿಡಿದು ಅಲ್ಲೂ ಹಾಜರ್. 1992ರಲ್ಲಿ ರಾಕ್ ತಾರೆ ಕರ್ಟ್ ಕೊಬೇನ್ ಇವನು ಬರೆದ ಕಪ್ಪೆ ಚಿತ್ರದ ಟೀ ಶರ್ಟ್ ತೊಟ್ಟದ್ದೇ ತಡ, ದೊಡ್ಡ ರೆಕಾರ್ಡ್ ಕಂಪನಿಗಳಿಗೂ ಕಿವಿ ಬಂತು. 1994ರಲ್ಲಿ ಅಟ್ಲಾಂಟಿಕ್ ಕಂಪನಿ ಇವನ ಆಲ್ಬಂ ಹೊರತಂದಿತು. ಅದು ಅಷ್ಟೇನೂ ಖರ್ಚಾಗಲಿಲ್ಲ.