ಸೇವೆ ಸಾರು

ಶನಿವಾರ ನಮ್ಮದು ಬೆಳಗಿನ ಶಾಲೆ. ಎಂಟಕ್ಕೆ ಗಂಟೆ, ಹನ್ನೊಂದೂವರೆಗೆ ಊಟ, ಆಮೇಲೆ ಮನೆ. ಈ ಲೆಕ್ಕ ಗೇಟಿನಲ್ಲಿ ಮೇಯುವ ಮೇಕೆಗೂ ಗೊತ್ತು. ಅನ್ನ ಚೆಲ್ಲುವ ಹೊತ್ತಿಗೆ ಸರಿಯಾಗಿ ಅದು ಹಾಜರು. ನಮ್ಮ ಸ್ವಯಂಸೇವಕರಿಗೆ ಮಾತ್ರ ಮೂರು ವರ್ಷವಾದರೂ ಗೊತ್ತಾಗಿಲ್ಲ. ಬೆಂಗಳೂರಿಂದ ಹೊರಟ ಅವರ ಕಾರು, ದಾರಿಯಲ್ಲಿ ತಟ್ಟೆ ಇಡ್ಲಿ ತಿಂದು, ಹನ್ನೊಂದು ಇಪ್ಪತ್ತಕ್ಕೆ ಬಂದು ನಿಲ್ಲುತ್ತದೆ. 'ಸೇವೆ ಸಾರು ಬಂದ್ರು!' ಎಂದು ಮೂರನೇ ಕ್ಲಾಸಿನಿಂದ ಕೂಗು. ಅಡುಗೆಯ ಅಕ್ಕ ತೆಗೆದ ಮುಚ್ಚಳ ಮತ್ತೆ ಮುಚ್ಚುತ್ತಾರೆ. 'ಆ ಸಾರು ಬಂದ್ರೆ ನನ್ ಸಾರು ಆರೋಯ್ತದೆ' ಅನ್ನುವುದು ಅವರ ಗೊಣಗು.

ಸಾರು ಹೊರಗಿನವರೇನಲ್ಲ. ತಾತನ ತೋಟ ತುರುವೇಕೆರೆ ಕಡೆ ಇದೆ. ಅಟ್ಟದ ಮೇಲೆ ವರ್ಷ ತುಂಬುವವರೆಗೆ ನೀರು ಬತ್ತಿಸಿಕೊಂಡು ಕೂತ ಕಾಯಿಗಳೇ ಅವರನ್ನು ಇಂಜಿನಿಯರ್ ಮಾಡಿದ್ದು. ಈಗ ಮಣ್ಣಿನ ಋಣ ತೀರಿಸುತ್ತಿದ್ದಾರೆ, ತಿಂಗಳಿಗೆ ಒಂದು ಗಂಟೆಯಂತೆ.

ಅವರಿಗೆ ಬೇಕಾದದ್ದು ಬಡ ಮಕ್ಕಳು. ನಮ್ಮಲ್ಲಿ ಅದಕ್ಕೇನೂ ಬರವಿಲ್ಲ: ಗೊಲ್ಲರಹಟ್ಟಿಯವರು, ಕೊಬ್ಬರಿ ಮಂಡಿಯಲ್ಲಿ ಕೂಲಿ ಮಾಡುವವರ ಮಕ್ಕಳು, ನಾರಿನ ಫ್ಯಾಕ್ಟರಿಗೆ ಬಿಹಾರದಿಂದ ಬಂದವರ ಮಕ್ಕಳು. ತೊಂದರೆ ಏನೆಂದರೆ, ಇವರು ಬಡವರ ಹಾಗೆ ಕಾಣುವುದಿಲ್ಲ. ಸೇವೆ ಸಾರು ಬರುತ್ತಾರೆ ಅಂತ ಹಟ್ಟಿಯ ಹುಡುಗಿ ತಲೆ ತುಂಬ ಎಣ್ಣೆ ಮೆತ್ತಿ, ಎರಡು ಜಡೆ ಹಾಕಿ, ಕೆಂಪು ಟೇಪು ಕಟ್ಟಿಕೊಂಡು ಬಂದಿದ್ದಳು. ಸಾರಿಗೆ ನಿರಾಸೆಯಾಯಿತು. 'ಸ್ವಲ್ಪ ನ್ಯಾಚುರಲ್ ಆಗಿರಲಿ' ಎಂದು ಅವಳನ್ನು ಹಿಂದೆ ಕಳಿಸಿ, ಮೂಗು ಸೋರುವ ಒಂದನೇ ಕ್ಲಾಸಿನವನನ್ನು ಮುಂದೆ ನಿಲ್ಲಿಸಿಕೊಂಡರು. ಮುಂದಿನ ಸಾಲಿಗೆ ಬಣ್ಣದ ಪೆನ್ಸಿಲ್, ಹಿಂದಿನ ಸಾಲಿಗೆ ಬರೀ ರಬ್ಬರು. ಮಕ್ಕಳೇನು ದಡ್ಡರೇ? ಮುಂದಿನ ತಿಂಗಳು ಕಾರಿನ ಸದ್ದು ಕೇಳುತ್ತಲೇ ಅರ್ಧ ಶಾಲೆ ತಲೆ ಕೆದರಿಕೊಂಡು ನಿಂತಿತ್ತು.

ಬಿಹಾರದ ಹುಡುಗಿಯನ್ನು ಕೂರಿಸಿಕೊಂಡು, ಫೋನು ಹಿಡಿದು, ತೀರಾ ಮೆಲ್ಲಗೆ ಹಿಂದಿಯಲ್ಲಿ ಹೆಸರು ಕೇಳಿದರು. ಅವಳು 'ನಂಗೆ ಕನ್ನಡ ಬತ್ತದೆ ಸಾ' ಅಂದಳು. ಎರಡನೇ ಸಲವೂ ಹಿಂದಿ. ಅವಳು ನನ್ನ ಕಡೆ ತಿರುಗಿ, 'ಸಾ, ಇವ್ರಿಗೆ ಕನ್ನಡ ಬರಲ್ವಾ?' ಎಂದು ಕೇಳಿದಳು, ಅಷ್ಟೇ ಕನಿಕರದಿಂದ.

ಆಮೇಲೆ ಪಾಠ. ಸಾರು ಭಿನ್ನರಾಶಿ ಕಲಿಸುವುದು ಪಿಜ್ಜಾದ ಚಿತ್ರ ಬರೆದು. ಪಿಜ್ಜಾ ಯಾರೂ ತಿಂದವರಿಲ್ಲ ಎಂದು ಹೆಡ್‌ಮಿಸ್ಸು ಸೂಚನೆ ಕೊಟ್ಟ ಮೇಲೆ ಅದನ್ನೇ ಉಂಡೆ ಕೊಬ್ಬರಿ ಮಾಡಿದರು.

'ಒಂದು ಕೊಬ್ಬರಿನ ನಾಲ್ಕು ಭಾಗ ಮಾಡಿದ್ರೆ ಏನಾಗುತ್ತೆ?'

'ರೇಟು ಬಿದ್ದೋಯ್ತದೆ ಸಾ' ಅಂದ ಮಂಡಿಯ ಹುಡುಗ. 'ಉಂಡೆ ಒಡೀಬಾರ್ದು.'

ಸಾರು ನಕ್ಕರು. ಹುಡುಗ ನಗಲಿಲ್ಲ. ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳುವ ನಾಫೆಡ್ 2024ರಲ್ಲಿ ಕ್ವಿಂಟಾಲಿಗೆ 12,000 ರೂಪಾಯಿ ಕೊಟ್ಟರೆ ಮೂವತ್ತೈದು ಕೇಜಿಗೆ ಎಷ್ಟು ಎಂದು ತಿರುಗಿ ಕೇಳಿದ. ಸಾರು ಫೋನು ತೆಗೆಯುವಷ್ಟರಲ್ಲಿ 4,200 ಅಂತ ಅವನೇ ಹೇಳಿ ಕೂತ.

ಒಮ್ಮೆ ಹೊಸ ಯೋಜನೆ ತಂದಿದ್ದರು. ಮಕ್ಕಳು ಕಾರ್ಡು ಹಿಡಿದು, ಗುಂಪಿನಲ್ಲಿ ಕೂತು, ಆಡುತ್ತ ಕಲಿಯಬೇಕಂತೆ. ಲ್ಯಾಪ್‌ಟಾಪಿನಲ್ಲಿ ಹದಿನಾರು ಪುಟ. ಹೆಡ್‌ಮಿಸ್ಸು ಅವರ ಬೆನ್ನ ಹಿಂದೆಯೇ ನಲಿ-ಕಲಿ ಕಾರ್ಡು ಜೋಡಿಸುತ್ತ 'ಒಳ್ಳೇದು ಸರ್' ಅಂದರು. 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದದ್ದು ಅದು. ಆಗ ನಮ್ಮ ಸಾರು ಎರಡನೇ ಕ್ಲಾಸು.

ಇಷ್ಟೆಲ್ಲ ಮುಗಿಯುವ ಹೊತ್ತಿಗೆ ಹನ್ನೆರಡೂ ಕಾಲು. ಕೊನೆಗೆ ಭಾಷಣ. 'ಒಂದು ದಿನ ನಾವೂ ಇಲ್ಲಿ ಸಿದ್ಧಗಂಗೆ ಥರ ಮಾಡಬೇಕು.'

ಸಿದ್ಧಗಂಗೆಯ ಹೆಸರನ್ನು ನಮ್ಮ ಜಿಲ್ಲೆಯಲ್ಲಿ ಅಷ್ಟು ಸಲೀಸಾಗಿ ಎತ್ತಬಾರದು. ಜಾತಿ ಕೇಳದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ಅಕ್ಷರ ಕೊಡುವ ಮಠ ಅದು. 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಶಿವಕುಮಾರ ಸ್ವಾಮೀಜಿ ತೀರಿಕೊಂಡಾಗ ಹೊತ್ತು ಇನ್ನೂ ಮಧ್ಯಾಹ್ನಕ್ಕೆ ಬಂದಿರಲಿಲ್ಲ. ಮಕ್ಕಳ ಊಟ ಮುಗಿಯುವವರೆಗೆ ಸುದ್ದಿ ಹೊರಗೆ ಬರಲಿಲ್ಲ. ಅದು ಅವರದೇ ಇಚ್ಛೆಯಾಗಿತ್ತಂತೆ. ಸಾವೇ ಅಲ್ಲಿ ಊಟದ ಗಂಟೆಗೆ ಕಾದು ನಿಂತಿತ್ತು. ಇಲ್ಲಿ ಊಟ ಫೋಟೋಗೆ ಕಾದು ನಿಂತಿದೆ.

ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಮೇಷ್ಟ್ರ ಕೆಲಸ ನೋಡಿ, ಅಭ್ಯಾಸ ಇಲ್ಲ. ಅಡುಗೆಯ ಅಕ್ಕ ಮಾತ್ರ ಸೌಟನ್ನು ಪಾತ್ರೆಗೆ ಎರಡು ಸಲ ಬಡಿದರು. ಸಾರು ಅದನ್ನು ಚಪ್ಪಾಳೆ ಎಂದುಕೊಂಡರು. ಕೊನೆಗೂ ಊಟ. 2024ರಿಂದ ಅದಕ್ಕೆ ವಾರಕ್ಕೆ ಆರು ದಿನ ಮೊಟ್ಟೆ ಬಂದಿದೆ. ಅದರ ಪಕ್ಕದಲ್ಲೇ ಸಾರಿನ ಕ್ರೀಮ್ ಬಿಸ್ಕತ್ತೂ ಬಿತ್ತು. ಮಕ್ಕಳು ಮೊಟ್ಟೆ ತಿಂದು ಬಿಸ್ಕತ್ತನ್ನು ಜೇಬಿಗೆ ಹಾಕಿಕೊಂಡರು, ಮನೆಯಲ್ಲಿ ತಮ್ಮ ಇದ್ದಾನಲ್ಲ.

ಕೆಟ್ಟ ಮನುಷ್ಯನಲ್ಲ, ಬರೆದಿಡುತ್ತೇನೆ. ಕೇಳಿದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಡುತ್ತಾರೆ. ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಬೇಕು ಎಂದು ಹೆಡ್‌ಮಿಸ್ಸು ಮೂರು ಸಲ ಹೇಳಿದ್ದಾರೆ. ಮೂರು ಸಲವೂ ನೋಟ್‌ಬುಕ್ ಬಂದಿದೆ. ಚಿಲಕದ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುವುದು ಕಷ್ಟ, ಒಪ್ಪುತ್ತೇನೆ. ಈಗಲೂ ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಾಳೆ.

ಮುಂದಿನ ಶನಿವಾರ ಅವರ ಆಫೀಸಿನಿಂದ ಇಪ್ಪತ್ತು ಜನ ಬರುತ್ತಾರಂತೆ. ಬನ್ನಿ ಸ್ವಾಮಿ. ಶಾಲೆ ಎಂಟಕ್ಕೆ ಶುರು. ಒಂದು, ಎರಡು, ಮೂರನೇ ಕ್ಲಾಸಿಗೆಲ್ಲ ಸೇರಿ ಒಬ್ಬರೇ ಮಿಸ್ಸು, ಪಕ್ಕದಲ್ಲಿ ಕೂತು ಓದಿಸುವವರು ಬೇಕು. ಬರುವಾಗ ಒಂದು ಚಿಲಕ ತನ್ನಿ, ಆರಿಂಚಿನದು. ಸ್ಕ್ರೂ ನಮ್ಮಲ್ಲಿದೆ.